ಅಮ್ಮನಿಗೆ ಐದು ವರ್ಷ ಕಾಯಿರಿ ಅಂತಾರೆ, ಪೇಪರ್ ಇಲ್ಲದವರಿಗೆ ಎಲ್ಲಾ ಫ್ರೀ ಅಂತೆ. ನಿಜವಾ? ನ್ಯಾಯವಾ?

ತುಂಗೆಯ ಮಗ
ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಅಮ್ಮನಿಗೆ ಈಗ 69. ಎರಡು ವರ್ಷದ ಹಿಂದೆ ಗ್ರೀನ್ ಕಾರ್ಡ್ ಬಂತು. 65 ದಾಟಿದವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ ಮಾಡಿಸೋಣ ಅಂತ ಹೋದರೆ, ಗ್ರೀನ್ ಕಾರ್ಡ್ ಬಂದು ಐದು ವರ್ಷ ಸತತವಾಗಿ ಇಲ್ಲೇ ಇರಬೇಕು ಅಂದರು. ಆಮೇಲೂ ಫ್ರೀ ಅಲ್ಲ. ಅಮ್ಮ ಇಲ್ಲಿ ಕೆಲಸ ಮಾಡಿದವರಲ್ಲ ನೋಡಿ, ಅದಕ್ಕೆ ಆಸ್ಪತ್ರೆ ಖರ್ಚಿನ ಪಾರ್ಟ್ ಎಗೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಖರ್ಚಿನ ಪಾರ್ಟ್ ಬಿಗೆ 185 ಡಾಲರ್. ಇದು 2025ರ ದರ. ಅಲ್ಲಿಯವರೆಗೆ ಸರ್ಕಾರ ನಡೆಸುವ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸ್ ಪ್ಲಾನ್‌ಗೆ ನಾನು ಕಟ್ಟುತ್ತಿದ್ದೇನೆ. ಎಷ್ಟು ಅಂತ ಕೇಳಬೇಡಿ, ಹೆಂಡತಿ ಈ ಪೋಸ್ಟ್ ಓದುತ್ತಾಳೆ.

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಬಂತು. ಒಬ್ಬ ಸಹೋದ್ಯೋಗಿ, "ನಿಮ್ಮಮ್ಮ ವಿಮಾನದ ಬದಲು ಗಡಿ ದಾಟಿ ನಡೆದುಕೊಂಡು ಬಂದಿದ್ದರೆ ಎಲ್ಲಾ ಬಿಟ್ಟಿ ಸಿಗ್ತಿತ್ತು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ತಲೆ ಕೊರೆಯೋಕೆ ಶುರುವಾಯಿತು.

ಜಗಳ ಹಚ್ಚೋಕೆ ಬರೆಯುತ್ತಿಲ್ಲ. ದಾಖಲೆ ಇಲ್ಲದೆ ಇಲ್ಲಿ ಇರುವವರಿಗೆ ನಿಜವಾಗಿ ಏನು ಸಿಗುತ್ತದೆ? ಏನು ಸಿಗಬೇಕು? ಗೊತ್ತಿರುವವರು ಹೇಳಿ.

ಕೊಂಕುಮಾತು
ಜಗಳ ಹಚ್ಚೋಕೆ ಅಲ್ಲ ಅಂತ ಶುರುವಾದ ಯಾವ ಚರ್ಚೆಯೂ ಇಪ್ಪತ್ತು ಉತ್ತರದೊಳಗೆ ಮುಗಿದಿಲ್ಲ. ಕಾಫಿ ಇಟ್ಟುಕೊಂಡು ಬರುತ್ತೇನೆ.

ಬೇ ಏರಿಯಾ ಭೀಮ
ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅದೇ ಆಗಿದ್ದು. ಕಾನೂನು ಮುರಿದು ಬಂದವರಿಗೆ ರಾಜ್ಯದ ಬಡವರ ಆರೋಗ್ಯ ಯೋಜನೆ ಮೆಡಿ-ಕ್ಯಾಲ್, ಸಾಲಿನಲ್ಲಿ ನಿಂತವರಿಗೆ ಬಿಲ್.

ಲೆಕ್ಕದವಳು
ತುಂಗೆಯ ಮಗ ಅವರೇ, ನಾನು ನ್ಯೂಜೆರ್ಸಿಯಲ್ಲಿ ಆಸ್ಪತ್ರೆ ಬಿಲ್ಲಿಂಗ್‌ನಲ್ಲಿ ಇದ್ದೇನೆ, ಹನ್ನೊಂದು ವರ್ಷ ಆಯಿತು. ದಿನಾ ಇದೇ ಕೆಲಸ. ನಿಮ್ಮ ಸಹೋದ್ಯೋಗಿ ಹೇಳಿದ್ದು ಟೆಕ್ಸಾಸ್ ಮಟ್ಟಿಗಂತೂ ಸುಳ್ಳು.

ಒಬಾಮಾಕೇರ್ ಅಂತೀವಲ್ಲ, 2010ರ ಆ ಕಾನೂನಿನಲ್ಲಿ ದಾಖಲೆ ಇಲ್ಲದವರು ಮಾರ್ಕೆಟ್‌ಪ್ಲೇಸ್‌ನಲ್ಲಿ ಇನ್ಶೂರೆನ್ಸ್ ಕೊಳ್ಳುವ ಹಾಗೇ ಇಲ್ಲ. ಸಬ್ಸಿಡಿ ಮಾತು ಬಿಡಿ, ಪೂರ್ತಿ ದುಡ್ಡು ಕೊಟ್ಟರೂ ಕೊಡುವುದಿಲ್ಲ. ವಾಷಿಂಗ್ಟನ್, ಕೊಲೊರಾಡೊ ಥರ ಒಂದೆರಡು ರಾಜ್ಯಗಳು ತಾವೇ ಬೇರೆ ದಾರಿ ಮಾಡಿಕೊಂಡಿವೆ ಅಷ್ಟೆ. ಮೆಡಿಕೇರ್ ಇಲ್ಲ. ಬಡವರಿಗೆ ಇರುವ ಮಾಮೂಲಿ ಮೆಡಿಕೇಡ್ ಇಲ್ಲ. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಬಾಗಿಲು ಹಾಕಿತು. ಗ್ರೀನ್ ಕಾರ್ಡ್ ಇದ್ದವರೂ ಮೆಡಿಕೇಡ್‌ಗೆ ಐದು ವರ್ಷ ಕಾಯಬೇಕು ಅಂತ ಹಾಕಿದ್ದೂ ಅದೇ ಕಾನೂನು.

ಉಳಿಯುವುದು ಎಮರ್ಜೆನ್ಸಿ. 1986ರ ಎಮ್ಟಾಲಾ ಕಾನೂನಿನ ಪ್ರಕಾರ ಮೆಡಿಕೇರ್ ದುಡ್ಡು ತಗೊಳ್ಳುವ ಆಸ್ಪತ್ರೆ ಬಾಗಿಲಿಗೆ ಯಾರೇ ಬಂದರೂ ಪರೀಕ್ಷೆ ಮಾಡಬೇಕು, ಜೀವಕ್ಕೆ ಅಪಾಯ ಇದ್ದರೆ ಸ್ಥಿತಿ ಹತೋಟಿಗೆ ತರಬೇಕು. ಹತೋಟಿಗೆ ತರಬೇಕು ಅಂದಿದೆ, ಗುಣ ಮಾಡಬೇಕು ಅಂದಿಲ್ಲ. ಫ್ರೀ ಅಂತಲೂ ಎಲ್ಲೂ ಬರೆದಿಲ್ಲ. ಬಿಲ್ ಬಂದೇ ಬರುತ್ತದೆ. ಕಳಿಸೋಳು ನಾನೇ!

ತೀರಾ ಬಡವರಾಗಿದ್ದರೆ ಎಮರ್ಜೆನ್ಸಿ ಮೆಡಿಕೇಡ್ ಅಂತ ಇದೆ. ಹೆರಿಗೆ, ಅಪಘಾತ, ಹೃದಯಾಘಾತ ಇಂಥದ್ದಕ್ಕೆ. ಆ ದುಡ್ಡು ರೋಗಿಯ ಕೈಗೆ ಹೋಗುವುದಿಲ್ಲ, ಆಸ್ಪತ್ರೆಗೆ ಬರುತ್ತದೆ. 2023ರಲ್ಲಿ ಇಡೀ ದೇಶದಲ್ಲಿ ಇದಕ್ಕೆ ಖರ್ಚಾಗಿದ್ದು 380 ಕೋಟಿ ಡಾಲರ್. ದೊಡ್ಡ ಮೊತ್ತ ಅನಿಸುತ್ತದೆ, ಆದರೆ ಒಟ್ಟು ಮೆಡಿಕೇಡ್ ಖರ್ಚಿನಲ್ಲಿ ಅದು ಶೇ. 0.4.

ಸಾಲಿನಲ್ಲಿ ನಿಂತವ
ದುಡ್ಡು ಕೊಟ್ಟರೂ ಕೊಡಲ್ಲ ಅನ್ನೋದು ಇವತ್ತೇ ಗೊತ್ತಾಗಿದ್ದು. ಹಾಗಾದರೆ 2009ರಲ್ಲಿ ಒಬಾಮಾ ಭಾಷಣದ ಮಧ್ಯೆ ಒಬ್ಬ ಸಂಸದ "ಸುಳ್ಳು ಹೇಳ್ತಿದ್ದೀಯ" ಅಂತ ಕೂಗಿದ್ದು ಇದೇ ವಿಷಯಕ್ಕಾ?

ಲೆಕ್ಕದವಳು
ಹೌದು, ಜೋ ವಿಲ್ಸನ್. ಇದೇ ವಿಷಯಕ್ಕೆ. ಕಾನೂನು ಬರುವಷ್ಟರಲ್ಲಿ ಇನ್ನೂ ಬಿಗಿಯಾಯಿತು.

ಬೇ ಏರಿಯಾ ಭೀಮ
ಲೆಕ್ಕದವಳು ಮೇಡಂ, ಕೇಂದ್ರದ ಕಥೆ ಒಪ್ಪಿದೆ. ನಾನು ಹೇಳಿದ್ದು ರಾಜ್ಯದ ಕಥೆ. ಅದನ್ನು ನೀವು ಜಾಣತನದಿಂದ ಬಿಟ್ಟಿರಿ.

2016ರ ಮೇ ತಿಂಗಳಿಂದ ಮಕ್ಕಳಿಗೆ ಅಂದರು. ಸರಿ, ಮಕ್ಕಳು. 2020ರಲ್ಲಿ 25 ವರ್ಷದವರೆಗೆ ಅಂದರು. 2022ರಲ್ಲಿ 50 ದಾಟಿದವರಿಗೆ. 2024ರ ಜನವರಿಯಲ್ಲಿ ಮಿಕ್ಕವರಿಗೂ ತೆಗೆದರು. ಆಮೇಲೆ ಏನಾಯಿತು? ಸುಮಾರು 16 ಲಕ್ಷ ಜನ ಸೇರಿದರು. ಅಂದುಕೊಂಡಿದ್ದಕ್ಕಿಂತ ಖರ್ಚು ಜಾಸ್ತಿ ಆಯಿತು. ವರ್ಷಕ್ಕೆ ರಾಜ್ಯದ ಬೊಕ್ಕಸದಿಂದಲೇ 850 ಕೋಟಿ ಡಾಲರ್ ಆಸುಪಾಸು. 2025ರಲ್ಲಿ ಬಿಲ್ ಕಟ್ಟೋಕೆ ದುಡ್ಡಿಲ್ಲದೆ ಮೆಡಿ-ಕ್ಯಾಲ್‌ನವರು ಸಾಮಾನ್ಯ ನಿಧಿಯಿಂದ 344 ಕೋಟಿ ಸಾಲ ತಂದರು. ಕೊನೆಗೆ ಇದನ್ನು ವಯಸ್ಕರಿಗೆ ವಿಸ್ತರಿಸಿದ ಗವರ್ನರ್ ನ್ಯೂಸಮ್ಮೇ ಸಹಿ ಹಾಕಿದರು: 2026ರ ಜನವರಿಯಿಂದ ಹೊಸದಾಗಿ ವಯಸ್ಕರಿಗೆ ಪ್ರವೇಶ ಇಲ್ಲ, 2027ರ ಜುಲೈನಿಂದ ತಿಂಗಳಿಗೆ 30 ಡಾಲರ್ ಕಟ್ಟಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಜ್ಜಿ ಹೇಳ್ತಿದ್ದಳು. ಅದನ್ನು ಹೇಳಿದರೆ ಇಲ್ಲಿ ನನ್ನನ್ನು ಕಟುಕ ಅಂತಾರೆ. ಇಲಿನಾಯ್‌ನವರೂ 42ರಿಂದ 64 ವಯಸ್ಸಿನವರ ಯೋಜನೆಯನ್ನು 2025ರ ಜುಲೈ 1ಕ್ಕೆ ಮುಚ್ಚಿದರು. ಮಿನೆಸೋಟಾದವರು 2025ರ ಜನವರಿಯಲ್ಲಿ ಶುರು ಮಾಡಿ ಒಂದೇ ವರ್ಷಕ್ಕೆ ವಯಸ್ಕರನ್ನು ಹೊರಗೆ ಹಾಕಿದರು. ಮೂರೂ ಡೆಮಾಕ್ರಟ್ ಗವರ್ನರ್‌ಗಳ ರಾಜ್ಯ. ಇವರೆಲ್ಲ ಕಟುಕರಾ?

ಕೊಂಕುಮಾತು
ಭೀಮಣ್ಣ ಗದೆ ತಂದಿದ್ದಾರೆ.

ಅಡ್ಡಗೋಡೆ
ಭೀಮ ಸಾರ್ ಅಂಕಿ ಸರಿ ಇದೆ. ಆದರೆ ಒಂದು ಸಣ್ಣ ತಿದ್ದುಪಡಿ. "ಸಾಲಿನಲ್ಲಿ ನಿಂತವರಿಗೆ ಬಿಲ್" ಅಂದಿರಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅದು ಹಾಗಿಲ್ಲ. ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗದವರಿಗೂ, ಆದಾಯ ಕಡಿಮೆ ಇದ್ದರೆ, ಅಲ್ಲಿ ರಾಜ್ಯದ ದುಡ್ಡಲ್ಲೇ ಮೆಡಿ-ಕ್ಯಾಲ್ ಸಿಗುತ್ತದೆ. ತುಂಗೆಯ ಮಗನ ಅಮ್ಮ ಕಷ್ಟಪಡುತ್ತಿರುವುದು ಟೆಕ್ಸಾಸ್‌ನಲ್ಲಿ. ಟೆಕ್ಸಾಸ್ ದಾಖಲೆ ಇಲ್ಲದವರಿಗೂ ಕೊಡಲ್ಲ, ಇವರ ಅಮ್ಮನಿಗೂ ಕೊಡಲ್ಲ. ಅಂದರೆ ಅವರ ಪಾಲು ಕಿತ್ತು ಯಾರಿಗೋ ಬಡಿಸುತ್ತಿಲ್ಲ. ಇಬ್ಬರ ತಟ್ಟೆಯೂ ಖಾಲಿ.

ತುಂಗೆಯ ಮಗ
ಇದು ನನಗೆ ಹೊಳೆದೇ ಇರಲಿಲ್ಲ. ನಾನು ಅವರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ.

ಹಳೇ ಹುಲಿ
ನಾನು ಬಂದಿದ್ದು 1983ರಲ್ಲಿ. ಆಗ ಚಿಕಾಗೋದಲ್ಲಿ ಇದ್ದೆ. ಎಮ್ಟಾಲಾ ಯಾಕೆ ಬಂತು ಅಂತ ಇಲ್ಲಿ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತೇನೆ. ಆ ಕಾಲದಲ್ಲಿ ಖಾಸಗಿ ಆಸ್ಪತ್ರೆಗಳು ಇನ್ಶೂರೆನ್ಸ್ ಇಲ್ಲದ ರೋಗಿ ಬಂದರೆ ಆಂಬುಲೆನ್ಸ್‌ಗೆ ಹಾಕಿ ಕುಕ್ ಕೌಂಟಿ ಸರ್ಕಾರಿ ಆಸ್ಪತ್ರೆಗೆ ಸಾಗಿಸುತ್ತಿದ್ದವು. ಅಲ್ಲಿನ ವೈದ್ಯರು ಲೆಕ್ಕ ಇಟ್ಟು ಪತ್ರಿಕೆಯಲ್ಲಿ ಬರೆದರು. ಗಲಾಟೆ ಆಯಿತು. ರೇಗನ್ ಸಹಿ ಹಾಕಿದರು. ಅಂದರೆ ಆ ಕಾನೂನು ವಲಸಿಗರಿಗಾಗಿ ಬಂದಿದ್ದೇ ಅಲ್ಲ, ದುಡ್ಡಿಲ್ಲದ ಅಮೆರಿಕನ್ನರಿಗಾಗಿ ಬಂದಿದ್ದು. ಅದೇ 1986ರಲ್ಲಿ ರೇಗನ್ ಇನ್ನೊಂದು ಸಹಿಯನ್ನೂ ಹಾಕಿದರು. ಸುಮಾರು 27 ಲಕ್ಷ ದಾಖಲೆ ಇಲ್ಲದವರಿಗೆ ಅದರಿಂದ ಗ್ರೀನ್ ಕಾರ್ಡ್ ಸಿಕ್ಕಿತು. ಈಗಿನ ರಿಪಬ್ಲಿಕನ್ನರಿಗೆ ಹೇಳಿದರೆ ನಂಬಲ್ಲ.

ಆಮೇಲೆ ಸ್ಯಾನ್ ಹೋಸೆಗೆ ಬಂದೆ. 1994ರಲ್ಲಿ ಪ್ರೊಪೊಸಿಷನ್ 187 ಬಂತು. ದಾಖಲೆ ಇಲ್ಲದವರಿಗೆ ಎಮರ್ಜೆನ್ಸಿ ಬಿಟ್ಟು ಬೇರೆ ಚಿಕಿತ್ಸೆ ಬೇಡ, ಮಕ್ಕಳಿಗೆ ಶಾಲೆಯೂ ಬೇಡ ಅಂತ. ಜನ ಓಟು ಹಾಕಿ ಗೆಲ್ಲಿಸಿದರು. ಕೋರ್ಟು ತಡೆಯಿತು. ಅದೇ ರಾಜ್ಯ ಮೂವತ್ತು ವರ್ಷಕ್ಕೆ ಎಲ್ಲರಿಗೂ ಮೆಡಿ-ಕ್ಯಾಲ್ ಅಂತು. ಈಗ ಮತ್ತೆ ಬಾಗಿಲು ಅರ್ಧ ಹಾಕಿದೆ. ಈ ಜಗಳ ನಾನು ಮೂರನೇ ಸಲ ನೋಡುತ್ತಿದ್ದೇನೆ.

ಸಾಲಿನಲ್ಲಿ ನಿಂತವ
ಹಳೇ ಹುಲಿ ಅಂಕಲ್, ನಿಮ್ಮ ಕಾಲದಲ್ಲಿ ಗ್ರೀನ್ ಕಾರ್ಡ್ ಎಷ್ಟು ದಿನಕ್ಕೆ ಬಂತು?

ಹಳೇ ಹುಲಿ
ಹೇಳಿದರೆ ಹೊಟ್ಟೆ ಉರಿಯುತ್ತದೆ, ಬೇಡ ಬಿಡಪ್ಪ.

ಎಚ್-1ಬಿ ಹೆಂಡತಿ
ನನಗೆ ಭೀಮ ಅವರ ಸಿಟ್ಟು ಅರ್ಥ ಆಗುತ್ತದೆ. ನಾವು ಹದಿಮೂರು ವರ್ಷದಿಂದ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಎಲ್ಲಾ ಕಟ್ಟುತ್ತಿದ್ದೇವೆ. ನಾಳೆ ಕಳಿಸಿಬಿಟ್ಟರೆ ಮೆಡಿಕೇರ್ ಅಂತೂ ಗೋವಿಂದ. ಸಂಬಳದ ಚೀಟಿ ನೋಡಿದಾಗಲೆಲ್ಲ ಹೊಟ್ಟೆ ಕಿವುಚುತ್ತದೆ. ಅವರು ಒಂದು ಪೈಸೆ ತೆರಿಗೆ ಕಟ್ಟಲ್ಲ, ಅವರಿಗೆ ಸವಲತ್ತು.

ಲೆಕ್ಕದವಳು
"ಒಂದು ಪೈಸೆ ಕಟ್ಟಲ್ಲ" ಅನ್ನೋದು ತಪ್ಪು. ಬಹಳ ಜನ ಸೋಶಿಯಲ್ ನಂಬರ್ ಇಲ್ಲದವರಿಗೆ ತೆರಿಗೆ ಇಲಾಖೆ ಕೊಡುವ ಐಟಿನ್ ನಂಬರ್ ತಗೊಂಡು ರಿಟರ್ನ್ ಹಾಕುತ್ತಾರೆ. ಇನ್ನು ಕೆಲವರು ಬೇರೆಯವರ ಇಲ್ಲವೇ ಸುಳ್ಳು ಸೋಶಿಯಲ್ ನಂಬರ್ ಮೇಲೆ ಕೆಲಸ ಮಾಡುತ್ತಾರೆ. ಅದು ತಪ್ಪೇ, ಆದರೆ ಸಂಬಳದಲ್ಲಿ ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ಐಟೆಪ್ ಅನ್ನೋ ತೆರಿಗೆ ಅಧ್ಯಯನ ಸಂಸ್ಥೆಯ ಅಂದಾಜಿನಲ್ಲಿ 2022ರಲ್ಲಿ ಇವರು ಕಟ್ಟಿದ್ದು ಒಟ್ಟು 9,670 ಕೋಟಿ ಡಾಲರ್. ಅದರಲ್ಲಿ ಮೆಡಿಕೇರ್‌ಗೆ 640 ಕೋಟಿ. ಅವರಿಗೆ ಯಾವತ್ತೂ ಸಿಗದ ಮೆಡಿಕೇರ್‌ಗೆ. ನೀವು ಅನುಭವಿಸುತ್ತಿರುವ ಹೊಟ್ಟೆ ಕಿವುಚುವಿಕೆ ಅವರಿಗೂ ಇದೆ ಅಂದುಕೊಳ್ಳಿ.

ಬೇ ಏರಿಯಾ ಭೀಮ
ಐಟೆಪ್ ಎಡಪಂಥೀಯ ಸಂಸ್ಥೆ. ಮಕ್ಕಳ ಶಾಲೆ, ರಸ್ತೆ, ಪೊಲೀಸ್ ಖರ್ಚು ಕಳೆದು ಲೆಕ್ಕ ಹಾಕಿ. ಬರೀ ಜಮೆ ತೋರಿಸಿ ಖರ್ಚು ಮುಚ್ಚಿಟ್ಟರೆ ಅದು ಲೆಕ್ಕ ಅಲ್ಲ. ನಿಮ್ಮ ಹೆಸರಿಗಾದರೂ ಮರ್ಯಾದೆ ಕೊಡಿ.

ಲೆಕ್ಕದವಳು
ಆಯ್ತು ಸಾರ್, ಖರ್ಚೂ ಇದೆ ಅಂತ ಒಪ್ಪಿದೆ. ನಾನು ಹೇಳಿದ್ದು "ಒಂದು ಪೈಸೆ" ಅನ್ನೋ ಮಾತಿಗೆ. ಅದನ್ನು ನೀವು ಒಪ್ಪುತ್ತೀರಾ ಇಲ್ವಾ?

ಬೇ ಏರಿಯಾ ಭೀಮ
ಒಪ್ಪಿದೆ.

ಕೊಂಕುಮಾತು
ಇತಿಹಾಸದಲ್ಲಿ ದಾಖಲಾಗಬೇಕಾದ ದಿನ.

ಎಚ್-1ಬಿ ಹೆಂಡತಿ
ನಾನೂ ಒಪ್ಪಿದೆ, ಗೊತ್ತಿರಲಿಲ್ಲ. ಆದರೂ ಇನ್ನೊಂದು ಪ್ರಶ್ನೆ. ಚಿಕಿತ್ಸೆ ಫ್ರೀ ಅಂತ ಗೊತ್ತಾದರೆ ಇನ್ನೂ ಜಾಸ್ತಿ ಜನ ಬರಲ್ವಾ?

ನೈಟ್ ಶಿಫ್ಟ್ ನರ್ಸ್
ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ಈ ಪ್ರಶ್ನೆಗೆ ಬರೆಯಲೇಬೇಕು ಅನ್ನಿಸಿತು.

ಹ್ಯೂಸ್ಟನ್‌ನ ಒಂದು ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಆರು ವರ್ಷ ರಾತ್ರಿ ಪಾಳಿ ಮಾಡಿದ್ದೇನೆ. ಅಲ್ಲಿಗೆ ಒಬ್ಬರು ಬರುತ್ತಿದ್ದರು. ಮನೆಗಳಿಗೆ ಛಾವಣಿ ಹಾಕುವ ಕೆಲಸ. ಮೆಕ್ಸಿಕೊದಿಂದ ಬಂದು ಹದಿನೆಂಟು ವರ್ಷ ಆಗಿತ್ತು. ಬಂದಾಗ ಗಟ್ಟಿಮುಟ್ಟಾಗಿದ್ದವರು, ಕಿಡ್ನಿ ಹೋಗಿದ್ದು ಇಲ್ಲಿ. ಯಾರೂ ಡಯಾಲಿಸಿಸ್ ಮಾಡಿಸಿಕೊಳ್ಳೋಕೆ ಅಂತ ಗಡಿ ದಾಟಿ ಬರಲ್ಲ, ಕೆಲಸಕ್ಕೆ ಬರುತ್ತಾರೆ.

ನಿಮಗೂ ನನಗೂ ಕಿಡ್ನಿ ಕೆಟ್ಟರೆ ವಾರಕ್ಕೆ ಮೂರು ಸಲ, ಸುಮಾರು ನಾಲ್ಕು ಗಂಟೆ ಡಯಾಲಿಸಿಸ್. ಈ ದೇಶದಲ್ಲಿ 1972ರ ಕಾನೂನಿನಿಂದಾಗಿ ವಯಸ್ಸು ಎಷ್ಟೇ ಇರಲಿ, ಕಿಡ್ನಿ ಪೂರ್ತಿ ಹೋದವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಮೆಡಿಕೇರ್ ಇದೆ. ಇವರಿಗೆ ಇಲ್ಲ. ಇವರಿಗೆ ಎಮರ್ಜೆನ್ಸಿ ಆದಾಗ ಮಾತ್ರ. ಅಂದರೆ ಸಾಯುವ ಹಂತಕ್ಕೆ ಬರಬೇಕು. ಆರೇಳು ದಿನಕ್ಕೊಮ್ಮೆ ರಾತ್ರಿ ಹತ್ತರ ಹೊತ್ತಿಗೆ ಬರುತ್ತಿದ್ದರು. ಪಾದ ಊದಿಕೊಂಡು ಬೂಟಿನ ಲೇಸು ಕಟ್ಟೋಕೆ ಆಗುತ್ತಿರಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕುರ್ಚಿಯಲ್ಲಿ ಮೊಣಕಾಲ ಮೇಲೆ ಕೈ ಊರಿ ಮುಂದಕ್ಕೆ ಬಾಗಿ ಕೂತಿರುತ್ತಿದ್ದರು.

ರಕ್ತ ತೆಗೆದು ಪೊಟ್ಯಾಸಿಯಂ ನೋಡುತ್ತಿದ್ದೆವು. ಸಾಕಷ್ಟು ಏರಿದ್ದರೆ, ಇಸಿಜಿ ಕೆಟ್ಟಿದ್ದರೆ ಒಳಗೆ. ಇಲ್ಲದಿದ್ದರೆ ಔಷಧಿ ಕೊಟ್ಟು ವಾಪಸ್. ಒಂದು ರಾತ್ರಿ 5.8 ಬಂತು. ಇನ್ನೂ ಅಷ್ಟು ಆಗಿಲ್ಲ, ನಾಳೆ ಬನ್ನಿ ಅಂದರು. ನಾನು ಬ್ರೇಕ್‌ಗೆ ಹೊರಗೆ ಹೋದಾಗ ಅವರು ಜ್ಯೂಸ್ ಮಾರುವ ಮೆಷಿನ್ ಪಕ್ಕ ಕೂತು ಕಿತ್ತಳೆ ರಸ ಕುಡಿಯುತ್ತಿದ್ದರು. ಎರಡು ಬಾಟಲ್ ಖಾಲಿಯಾಗಿ ಕಾಲ ಹತ್ತಿರ ಇತ್ತು. ಕಿಡ್ನಿ ಇಲ್ಲದವರಿಗೆ ಕಿತ್ತಳೆ ರಸ ವಿಷ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕುಡಿಯುತ್ತಿದ್ದರು. ಪೊಟ್ಯಾಸಿಯಂ ಏರಿದರೆ ಒಳಗೆ ಬಿಡುತ್ತಾರಲ್ಲ.

ಇದರಿಂದ ಸರ್ಕಾರಕ್ಕೆ ಉಳಿತಾಯ ಆಯಿತು ಅಂದುಕೊಂಡಿರಾ? ಪ್ರತಿ ಸಲ ಎಮರ್ಜೆನ್ಸಿ ಬೆಡ್, ಎಷ್ಟೋ ಸಲ ಐಸಿಯು. 2007ರಲ್ಲಿ ಹ್ಯೂಸ್ಟನ್‌ನಲ್ಲೇ ಲೆಕ್ಕ ಹಾಕಿದ್ದರು. ಹೀಗೆ ಎಮರ್ಜೆನ್ಸಿಯಲ್ಲಿ ಮಾಡುವುದಕ್ಕೆ ನಿಯಮಿತ ಡಯಾಲಿಸಿಸ್‌ಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ ಖರ್ಚು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗೆ. 2018ರಲ್ಲಿ ಡೆನ್ವರ್, ಹ್ಯೂಸ್ಟನ್, ಸ್ಯಾನ್ ಫ್ರಾನ್ಸಿಸ್ಕೊ ರೋಗಿಗಳನ್ನು ಹೋಲಿಸಿ ನೋಡಿದರು. ಎಮರ್ಜೆನ್ಸಿಯಲ್ಲಿ ಮಾತ್ರ ಡಯಾಲಿಸಿಸ್ ಸಿಕ್ಕವರು ಐದು ವರ್ಷದೊಳಗೆ ಸಾಯುವ ಸಾಧ್ಯತೆ 14 ಪಟ್ಟು.

ಭೀಮ ಸಾರ್, ನಿಮ್ಮ ಬಜೆಟ್ ಮಾತು ತಪ್ಪು ಅಂತ ಹೇಳಲ್ಲ. ಆದರೆ ಕೊಡದೇ ಇದ್ದರೂ ಖರ್ಚು ನಿಲ್ಲಲ್ಲ, ಎಮರ್ಜೆನ್ಸಿ ಬಾಗಿಲಿಂದ ಒಳಗೆ ಬರುತ್ತದೆ.

ಎಚ್-1ಬಿ ಹೆಂಡತಿ
ಕಿತ್ತಳೆ ರಸದ್ದು ಓದಿ ಒಂದು ನಿಮಿಷ ಸುಮ್ಮನೆ ಕೂತೆ.

ಅಡ್ಡಗೋಡೆ
ಡಯಾಲಿಸಿಸ್ ವಿಷಯದಲ್ಲಿ ನರ್ಸಕ್ಕ ಹೇಳಿದ್ದಕ್ಕೆ ಎದುರು ಮಾತಿಲ್ಲ. ಆದರೆ ಎಲ್ಲಾ ಚಿಕಿತ್ಸೆಗೂ ಇದೇ ಲೆಕ್ಕ ಅನ್ವಯ ಆಗಲ್ಲ. "ಮೊದಲೇ ಕೊಟ್ಟರೆ ಉಳಿತಾಯ" ಅನ್ನೋದನ್ನು ರಾಜಕಾರಣಿಗಳು ಎಲ್ಲದಕ್ಕೂ ಹೇಳುತ್ತಾರೆ. ಮಂಡಿ ಬದಲಾಯಿಸುವ ಆಪರೇಷನ್‌ನಿಂದ ಸರ್ಕಾರಕ್ಕೆ ಏನೂ ಉಳಿಯಲ್ಲ. ಡಯಾಬಿಟಿಸ್ ಮಾತ್ರೆ, ಬಿಪಿ ಮಾತ್ರೆ, ಡಯಾಲಿಸಿಸ್, ಗರ್ಭಿಣಿಯರ ತಪಾಸಣೆ, ಇವಕ್ಕೆ ಆ ಮಾತು ಹೊಂದುತ್ತದೆ. ಉಳಿದದ್ದಕ್ಕೆ ಮಾನವೀಯತೆ ಅಂತಲೇ ಹೇಳಿ ಕೇಳಬೇಕು. ಉಳಿತಾಯ ಅಂತ ಸುಳ್ಳು ಹೇಳಬಾರದು.

ಬೇ ಏರಿಯಾ ಭೀಮ
ಇದು ಸರಿಯಾದ ಮಾತು. ಇಷ್ಟು ನೇರವಾಗಿ ಮಾತಾಡುವವರಿದ್ದರೆ ನಾನು ಕೂಗಾಡಲ್ಲ.

ಲಂಡನ್ ಮಳೆ
ಇಂಗ್ಲೆಂಡಿನಲ್ಲಿ ಈ ತಲೆನೋವೇ ಇಲ್ಲ. ಎನ್‌ಎಚ್‌ಎಸ್ ಅಂತ ಸರ್ಕಾರಿ ಆರೋಗ್ಯ ಸೇವೆ, ಎಲ್ಲರಿಗೂ ಫ್ರೀ. ಅಮೆರಿಕದವರು ಸುಮ್ನೆ ಹೊಡೆದಾಡುತ್ತೀರಿ.

ಮ್ಯಾಂಚೆಸ್ಟರ್ ಮಾವ
ಲಂಡನ್ ಮಳೆಯವರೇ, ಸ್ವಲ್ಪ ನಿಲ್ಲಿ. ದಾಖಲೆ ಇಲ್ಲದವರು ಜಿಪಿ, ಅಂದರೆ ಏರಿಯಾ ಡಾಕ್ಟರ್ ಹತ್ತಿರ ಹೋಗಬಹುದು, ಎಮರ್ಜೆನ್ಸಿ ವಿಭಾಗ ಫ್ರೀ, ಕ್ಷಯದಂಥ ಸಾಂಕ್ರಾಮಿಕ ರೋಗಕ್ಕೂ ಫ್ರೀ. ಆದರೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಇಂಗ್ಲೆಂಡಿನಲ್ಲಿ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ವೀಸಾ ಮೇಲೆ ಬಂದ ನಾವು ಏನು ಫ್ರೀ? 2024ರ ಫೆಬ್ರವರಿಯಿಂದ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್‌ಚಾರ್ಜ್, ಅದೂ ವೀಸಾ ಎಷ್ಟು ವರ್ಷಕ್ಕೋ ಅಷ್ಟನ್ನೂ ಮುಂಗಡ. ನಾಲ್ಕು ಜನರ ಸಂಸಾರಕ್ಕೆ ಲೆಕ್ಕ ಹಾಕಿ ನೋಡಿ, ಮಕ್ಕಳಿಗೆ ಸ್ವಲ್ಪ ಕಡಿಮೆ ಅಷ್ಟೆ.

ಸ್ಪೇನ್ ಕಥೆ ಇನ್ನೂ ಚೆನ್ನಾಗಿದೆ. 2012ರಲ್ಲಿ ದುಡ್ಡಿಲ್ಲ ಅಂತ ಇವರನ್ನು ಹೊರಗೆ ಹಾಕಿದರು. ಎಷ್ಟೋ ಪ್ರಾಂತ್ಯಗಳು ಕೇಳಲಿಲ್ಲ. 2018ರಲ್ಲಿ ಸರ್ಕಾರ ಬದಲಾಯಿತು, ವಾಪಸ್ ಸೇರಿಸಿದರು.

ಲಂಡನ್ ಮಳೆ
ಸರ್‌ಚಾರ್ಜ್ ಕಂಪನಿ ಕಟ್ಟಿತ್ತು, ನನಗೆ ಗೊತ್ತೇ ಇರಲಿಲ್ಲ. ಕ್ಷಮೆ ಇರಲಿ.

ರವೆ ಉಂಡೆ
ಇಲ್ಲಿ ಎಲ್ಲರೂ "ಅವರು, ಅವರು" ಅಂತಿದ್ದೀರಿ. ಅವರು ಅಂದರೆ ಮೆಕ್ಸಿಕೊದವರೇ ಅಂತ ಯಾಕೆ ಅಂದುಕೊಂಡಿರಿ? ಪ್ಯೂ ಸಂಸ್ಥೆಯ ಅಂದಾಜಿನಲ್ಲಿ 2022ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೇ ಇದ್ದರು. 2025ರ ಫೆಬ್ರವರಿಯಲ್ಲಿ ಅಮೃತಸರಕ್ಕೆ ಮಿಲಿಟರಿ ವಿಮಾನದಲ್ಲಿ 104 ಜನರನ್ನು ಕಳಿಸಿದ್ದು ಮರೆತುಹೋಯಿತಾ?

ಬೇ ಏರಿಯಾ ಭೀಮ
ಮರೆತಿಲ್ಲ. ಭಾರತೀಯರಾದರೆ ಕಾನೂನು ಬೇರೆಯಾ? ಅವರಿಗೂ ಇದೇ ಮಾತು. ಇನ್ನೊಂದು, "ದಾಖಲೆ ಇಲ್ಲದವರು" ಅನ್ನೋ ನಯವಾದ ಮಾತು ಬಿಡಿ. ಅಕ್ರಮ ವಲಸಿಗರು.

ರವೆ ಉಂಡೆ
ವೀಸಾ ಅವಧಿ ಮುಗಿದು ಉಳಿದುಕೊಂಡವರು ಅಕ್ರಮವಾಗಿ ವಲಸೆ ಬಂದಿಲ್ಲ ಸಾರ್. ಸಕ್ರಮವಾಗಿ ಬಂದು ಅಕ್ರಮವಾಗಿ ಉಳಿದರು.

ಕೊಂಕುಮಾತು
ಬಗರ್ ಹುಕುಂ ಅನ್ನಿ, ಇಬ್ಬರಿಗೂ ಸಮಾಧಾನ.

ಸಾಲಿನಲ್ಲಿ ನಿಂತವ
ಅವರಿಗೂ ನಮಗೂ ಎಷ್ಟು ದೂರ ಗೊತ್ತಾ? 60 ದಿನ. ಕೆಲಸ ಹೋದರೆ ವರ್ಕ್ ವೀಸಾದವರಿಗೆ ಇಲ್ಲಿ ಇರೋಕೆ ಗಡುವು ಅಷ್ಟೇ. ಕಳೆದ ವರ್ಷ ನನ್ನ ಕೆಲಸ ಹೋಯಿತು. ಇನ್ನೊಂದು ಕೆಲಸ 52ನೇ ದಿನ ಸಿಕ್ಕಿತು. ಇನ್ನೆಂಟು ದಿನ ತಡವಾಗಿದ್ದರೆ, ಮಗಳು ಎಂಟನೇ ಕ್ಲಾಸಿನ ಮಧ್ಯದಲ್ಲಿದ್ದಳು, ನಾನು ಏನು ಮಾಡುತ್ತಿದ್ದೆ ಅಂತ ಎದೆ ಮುಟ್ಟಿ ಹೇಳೋಕೆ ಆಗಲ್ಲ. ಇನ್ಶೂರೆನ್ಸ್ ಅಂತೂ ಕೆಲಸದ ಜೊತೆಗೇ ಹೋಗಿತ್ತು. ಕೋಬ್ರಾ, ಅಂದರೆ ಹಳೇ ಕಂಪನಿಯ ಇನ್ಶೂರೆನ್ಸನ್ನೇ ಪೂರ್ತಿ ದುಡ್ಡು ಕೊಟ್ಟು ಮುಂದುವರಿಸೋದು, ತಗೊಳ್ಳಿ ಅಂತ ಒಂದು ಪತ್ರ ಬಂತು, ಮೊತ್ತ ನೋಡಿ ಹೆಸರು ಸರಿಯಾಗಿಯೇ ಇಟ್ಟಿದ್ದಾರೆ ಅನ್ನಿಸಿತು.

ಬೇ ಏರಿಯಾ ಭೀಮ
ಆದರೆ ನೀನು ಆ ಎಂಟು ದಿನ ದಾಟಲಿಲ್ಲ ತಮ್ಮಾ. ದಾಟದವರಿಗೂ ದಾಟಿದವರಿಗೂ ವ್ಯತ್ಯಾಸ ಬೇಡವಾ? ನನ್ನ ಪ್ರಶ್ನೆ ಅಷ್ಟೇ.

ಸಾಲಿನಲ್ಲಿ ನಿಂತವ
ವೀಸಾದಲ್ಲಿ ವ್ಯತ್ಯಾಸ ಇರಲಿ ಅಣ್ಣ. ಐಸಿಯುನಲ್ಲಿ ಯಾಕೆ?

ಲೆಕ್ಕದವಳು
ಒಂದು ಮಾಹಿತಿ, ಇಲ್ಲಿ ವೀಸಾ ಮೇಲೆ ಇರುವವರು ಗಮನಿಸಿ. 2025ರ ಜುಲೈ 4ಕ್ಕೆ ಸಹಿಯಾದ ದೊಡ್ಡ ಕಾನೂನು ಇದೆಯಲ್ಲ, ಅದರ ಪ್ರಕಾರ 2027ರಿಂದ ಮಾರ್ಕೆಟ್‌ಪ್ಲೇಸ್ ಸಬ್ಸಿಡಿ ಹೆಚ್ಚುಕಡಿಮೆ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಚ್-1ಬಿ ವರ್ಕ್ ವೀಸಾ ಇದ್ದವರಿಗೂ ಇಲ್ಲ. ನಿರಾಶ್ರಿತರು ಅಂತ ಸರ್ಕಾರವೇ ಕರೆದುಕೊಂಡು ಬಂದವರು 2026ರ ಅಕ್ಟೋಬರ್‌ನಿಂದ ಮೆಡಿಕೇಡ್‌ನಿಂದಲೂ ಹೊರಗೆ. ಇವರೆಲ್ಲ ದಾಖಲೆ ಇರುವವರೇ. ಗೆರೆ ಅಲ್ಲಿಗೇ ನಿಲ್ಲುತ್ತದೆ ಅಂತ ಅಂದುಕೊಳ್ಳಬೇಡಿ.

ಹೊಸ ಐಡಿ 77
ಬೇರೆ ಐಡಿ ಮಾಡಿಕೊಂಡು ಬರೆಯುತ್ತಿದ್ದೇನೆ. ನಮಗೆ ಗೊತ್ತಿರುವ ಒಬ್ಬರು, ಕನ್ನಡದವರೇ, ಒಂದು ರೆಸ್ಟೋರೆಂಟಿನಲ್ಲಿ ಅಡುಗೆ ಕೆಲಸ ಮಾಡುತ್ತಾರೆ. ವಿಸಿಟರ್ ವೀಸಾದಲ್ಲಿ ಬಂದು ಉಳಿದುಕೊಂಡವರು. ಸರಿ ಅಂತ ನಾನು ಹೇಳಲ್ಲ. ಶುಗರ್ ಇದೆ. ಸಮುದಾಯ ಕ್ಲಿನಿಕ್‌ಗೆ ಹೋಗುತ್ತಿದ್ದರು, ಅಲ್ಲಿ ಆದಾಯ ನೋಡಿ ಫೀಸು ತಗೊಳ್ಳುತ್ತಾರೆ, ಪೇಪರ್ ಕೇಳಲ್ಲ. 2025ರ ಜೂನ್‌ನಲ್ಲಿ ಮೆಡಿಕೇಡ್ ಮಾಹಿತಿಯನ್ನು ಗಡೀಪಾರು ಮಾಡುವವರಿಗೆ ಕೊಟ್ಟರು ಅಂತ ಸುದ್ದಿ ಬಂತಲ್ಲ, ಆಗಿನಿಂದ ಹೋಗೋದು ನಿಲ್ಲಿಸಿದರು. ಇವರಿಗೆ ಮೆಡಿಕೇಡ್ ಇರಲೇ ಇಲ್ಲ, ಆದರೂ ಭಯ. ಮಾತ್ರೆ ಊರಿಂದ ಬಂದವರ ಕೈಲಿ ತರಿಸುತ್ತಿದ್ದರು. ಮುಗಿದಾಗ ಬಿಡುತ್ತಿದ್ದರು. ಕಾಲಲ್ಲಿ ಒಂದು ಗುಳ್ಳೆ ಆಗಿದೆ ಅಂದರು. ಬೂಟು ಕಚ್ಚಿದ್ದು ಅಂತ ಅರಿಶಿನ ಹಚ್ಚಿಕೊಂಡು ಓಡಾಡಿದರು. ನವೆಂಬರ್‌ನಲ್ಲಿ ಎರಡು ಬೆರಳು ತೆಗೆದರು.

ಆಪರೇಷನ್ ದುಡ್ಡು ಯಾರು ಕಟ್ಟಿದರು ಅಂತ ಕೇಳಬೇಡಿ. ಅರ್ಧ ನಾವೇ ಸೇರಿಸಿದೆವು. ಇನ್ನರ್ಧ ಆಸ್ಪತ್ರೆಯ ಚಾರಿಟಿ.

ರವೆ ಉಂಡೆ
ಅವರಿಗೆ ಹೇಳಿ, ಆ ಕ್ಲಿನಿಕ್‌ಗೆ ವಾಪಸ್ ಹೋಗಲಿ. ಮೆಡಿಕೇಡ್‌ಗೆ ಅರ್ಜಿ ಹಾಕೋದು ಬೇರೆ, ಫೀಸು ಕೊಟ್ಟು ಕ್ಲಿನಿಕ್‌ಗೆ ಹೋಗೋದು ಬೇರೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡು ಮನೆಯಲ್ಲೇ ಕೂರುತ್ತಾರೆ.

ಹೊಸ ಐಡಿ 77
ಹೇಳಿದ್ದೇವೆ. ಈಗ ಹೋಗುತ್ತಿದ್ದಾರೆ. ಬೆರಳು ಹೋದ ಮೇಲೆ.

ಸೌತ್ ಕೆನರಾ
ಇದರ ಮಧ್ಯೆ ಒಂದು ಪ್ರಶ್ನೆ, ಬೈಬೇಡಿ ಮಾರಾಯ್ರೆ. ಅತ್ತೆ ಮಾವ ಆರು ತಿಂಗಳಿಗೆ ಬರ್ತಿದ್ದಾರೆ. ವಿಸಿಟರ್ ಇನ್ಶೂರೆನ್ಸ್ ಯಾವುದು ಒಳ್ಳೇದು? ಮಾವನಿಗೆ ಸ್ಟೆಂಟ್ ಹಾಕಿದೆ.

ಲೆಕ್ಕದವಳು
ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ. ಒಂದು ಮಾತು ಮಾತ್ರ: "ಫಿಕ್ಸೆಡ್ ಬೆನಿಫಿಟ್" ಅಂತ ಅಗ್ಗಕ್ಕೆ ಸಿಗುವುದನ್ನು ತಗೊಳ್ಳಬೇಡಿ. ಮೊದಲೇ ಇದ್ದ ಕಾಯಿಲೆಗೆ ಏನು ಬರೆದಿದ್ದಾರೆ ಅಂತ ಸಣ್ಣಕ್ಷರ ಓದಿ.

ಬೇ ಏರಿಯಾ ಭೀಮ
ರಾತ್ರಿ ಯೋಚನೆ ಮಾಡಿದೆ. ನನ್ನ ನಿಲುವು ಬರೆದುಬಿಡುತ್ತೇನೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಸಾಂಕ್ರಾಮಿಕ ರೋಗಕ್ಕೆ ಕೊಡಲಿ. ಡಯಾಲಿಸಿಸ್ ಕೂಡ ಕೊಡಲಿ, ನರ್ಸ್ ಅವರ ಮಾತು ಕೇಳಿದ ಮೇಲೆ. ಮಿಕ್ಕದ್ದಕ್ಕೆ ಅವರೇ ದುಡ್ಡು ಕೊಟ್ಟು ಇನ್ಶೂರೆನ್ಸ್ ಕೊಳ್ಳೋಕೆ ಬಿಡಲಿ. ಕೊಳ್ಳೋಕೂ ಬಿಡಲ್ಲ ಅನ್ನೋದು ಶುದ್ಧ ಹಟ. ಆದರೆ ವಯಸ್ಕರಿಗೆಲ್ಲ ಪೂರ್ತಿ ಉಚಿತ ಅನ್ನೋದಕ್ಕೆ ನನ್ನ ಓಟಿಲ್ಲ. ಮೊದಲು ಘೋಷಣೆ ಮಾಡಿ, ಜನ ನಂಬಿ ಹೆಸರು ಬರೆಸಿ, ಎರಡೇ ವರ್ಷಕ್ಕೆ ಬಾಗಿಲು ಹಾಕೋದಿದೆಯಲ್ಲ, ಅದು ಕೊಡದೇ ಇರೋದಕ್ಕಿಂತ ಕೆಟ್ಟದ್ದು.

ಹಳೇ ಹುಲಿ
ಓಟಿಲ್ಲ ಅಂದೆಯಲ್ಲ, ನಿನಗೆ ಸಿಟಿಜನ್‌ಶಿಪ್ ಬಂತಾ?

ಬೇ ಏರಿಯಾ ಭೀಮ
ಅರ್ಜಿ ಹಾಕಿದ್ದೇನೆ ಅಂಕಲ್.

ಕೊಂಕುಮಾತು
😂😂

ತುಂಗೆಯ ಮಗ
ಎಲ್ಲರಿಗೂ ಧನ್ಯವಾದ. ನಿನ್ನೆ ಊಟದ ಹೊತ್ತಿಗೆ ಆ ಸಹೋದ್ಯೋಗಿಗೆ, ಟೆಕ್ಸಾಸ್‌ನಲ್ಲಿ ಎಮರ್ಜೆನ್ಸಿ ಬಿಟ್ಟರೆ ಅವರಿಗೂ ಏನೂ ಸಿಗಲ್ಲ, ನಮ್ಮಮ್ಮನಿಗೂ ಸಿಗಲ್ಲ ಅಂದೆ. "ಹೌದಾ" ಅಂದ. ಆಮೇಲೆ ಕೌಬಾಯ್ಸ್ ಮ್ಯಾಚ್ ಮಾತಾಡಿದ. ಅಮ್ಮನಿಗೆ ಈ ಚರ್ಚೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: ಆ ಛಾವಣಿ ಕೆಲಸದವರು ಏನಾದರು?

ನೈಟ್ ಶಿಫ್ಟ್ ನರ್ಸ್
ಈಗಷ್ಟೇ ಪಾಳಿ ಮುಗಿಸಿ ಬಂದೆ. ಅಮ್ಮನಿಗೆ ಹೇಳಿ, 2019ರಲ್ಲಿ ಕೊಲೊರಾಡೊ ನಿಯಮ ಬದಲಾಯಿಸಿತು. ಕಿಡ್ನಿ ಹೋಗಿರುವುದೇ ಎಮರ್ಜೆನ್ಸಿ ಅಂತ ಒಪ್ಪಿಕೊಂಡು ಎಮರ್ಜೆನ್ಸಿ ಮೆಡಿಕೇಡ್‌ನಲ್ಲೇ ವಾರಕ್ಕೆ ಮೂರು ಸಲ ಕೊಡೋಕೆ ಶುರು ಮಾಡಿದರು. ಅವರ ತಂಗಿ ಡೆನ್ವರ್‌ನಲ್ಲಿದ್ದಳು, ಅಲ್ಲಿಗೆ ಹೋದರು. ಹೋಗುವ ಮುಂಚೆ ಒಂದು ರಾತ್ರಿ ಬಂದು ನಮಗೆಲ್ಲ ಹೇಳಿ ಹೋದರು. ಮರುವರ್ಷ ಕ್ರಿಸ್‌ಮಸ್‌ಗೆ ಒಂದು ಫೋಟೋ ಕಳಿಸಿದ್ದರು. ಛಾವಣಿ ಹತ್ತೋಕೆ ಆಗಲ್ಲವಂತೆ, ಒಂದು ಅಂಗಡಿಯಲ್ಲಿ ಡಯಾಲಿಸಿಸ್ ಇಲ್ಲದ ದಿನ ಕೆಲಸ. ಫೋಟೋದಲ್ಲಿ ಬೂಟಿನ ಲೇಸು ಕಟ್ಟಿತ್ತು. ಅದನ್ನೇ ಮೊದಲು ನೋಡಿದೆ.